ಅತ್ತರೆ ಯಾರಾದರೂ ಬರುತ್ತಾರಾ? ಮಗು ಕಲಿಯುವ ಮೊದಲ ಪಾಠ

ನಡುರಾತ್ರಿ. ಮೂರು ತಿಂಗಳ ಕೂಸು ಎದ್ದು ಅಳುತ್ತಿದೆ. ಹಾಲು ಕುಡಿದು ಇನ್ನೂ ಒಂದು ಗಂಟೆ ಆಗಿಲ್ಲ. ಬಟ್ಟೆ ಒದ್ದೆಯಾಗಿಲ್ಲ. ಜ್ವರವೂ ಇಲ್ಲ. ಅಮ್ಮ ಎದ್ದು ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಾಡುತ್ತಾಳೆ. ಅಳು ನಿಲ್ಲುತ್ತದೆ. ಆಗ ಪಕ್ಕದ ಕೋಣೆಯಿಂದ ಒಂದು ಮಾತು ಬರುತ್ತದೆ: "ಎತ್ತಿ ಎತ್ತಿ ಕೈ ರೂಢಿ ಮಾಡ್ತಿದ್ದೀಯ. ಸುಮ್ನೆ ಬಿಡು, ಅತ್ತು ಅತ್ತು ತಾನೇ ಮಲಗುತ್ತೆ."

ಈ ಮಾತು ಕೇಳದ ಅಪ್ಪ ಅಮ್ಮ ಇರಲಿಕ್ಕಿಲ್ಲ. ನಾನೂ ಕೇಳಿದ್ದೇನೆ. ಆಗ ಏನು ಹೇಳಬೇಕು ಅಂತ ತಿಳಿದಿರಲಿಲ್ಲ. ಎತ್ತಿಕೊಂಡರೆ ಮಗುವನ್ನು ಹಾಳು ಮಾಡುತ್ತಿದ್ದೇನಾ ಅನ್ನುವ ಅನುಮಾನ. ಎತ್ತಿಕೊಳ್ಳದಿದ್ದರೆ ಕರುಳು ಕಿವುಚಿದ ಹಾಗೆ. ಆಮೇಲೆ ಈ ವಿಷಯ ಓದುತ್ತಾ ಹೋದೆ. 70 ವರ್ಷಕ್ಕೂ ಹೆಚ್ಚು ಕಾಲದಿಂದ ಬೇರೆ ಬೇರೆ ದೇಶಗಳ ಸಂಶೋಧಕರು ಸುತ್ತಿ ಸುತ್ತಿ ಕೇಳುತ್ತಿರುವುದೂ ಇದೇ ಪ್ರಶ್ನೆ. ಮಗು ಅತ್ತಾಗ ಯಾರಾದರೂ ಬರುತ್ತಾರಾ? ಬಂದರೆ ಏನಾಗುತ್ತದೆ? ಬರದೇ ಇದ್ದರೆ? ಒಮ್ಮೆ ಬಂದು ಇನ್ನೊಮ್ಮೆ ಬರದಿದ್ದರೆ ಆ ಮಗು ಜನರ ಬಗ್ಗೆ ಏನು ಅಂದುಕೊಂಡು ಬೆಳೆಯುತ್ತದೆ?

ಎರವಲು ಸಮಾಧಾನ

ಹುಟ್ಟಿದ ಮಗುವಿಗೆ ಭಯವಾಗುತ್ತದೆ, ನೋವಾಗುತ್ತದೆ, ಹಸಿವಾಗುತ್ತದೆ. ಇವನ್ನು ಎಬ್ಬಿಸುವ ಮಿದುಳಿನ ಭಾಗಗಳು ಆಗಲೇ ಕೆಲಸಕ್ಕೆ ನಿಂತಿರುತ್ತವೆ. ಎದ್ದದ್ದನ್ನು ತಣಿಸುವ ಭಾಗ ಮಾತ್ರ ಇನ್ನೂ ತೀರಾ ಎಳೆಯದು. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಅನ್ನುವ ಈ ಭಾಗ ಪೂರ್ತಿ ಬಲಿಯುವ ಹೊತ್ತಿಗೆ ಮನುಷ್ಯನಿಗೆ 20 ವರ್ಷ ದಾಟಿರುತ್ತದೆ. ಮೂರು ತಿಂಗಳ ಕೂಸಿಗೆ "ಸ್ವಲ್ಪ ತಾಳು, ಈಗ ಬರ್ತಾರೆ" ಅಂತ ತನಗೆ ತಾನೇ ಹೇಳಿಕೊಳ್ಳಲು ಬರುವುದಿಲ್ಲ.

ಹಾಗಾಗಿ ಅದು ಸಮಾಧಾನವನ್ನು ದೊಡ್ಡವರಿಂದ ಎರವಲು ಪಡೆಯುತ್ತದೆ. ಎತ್ತಿಕೊಂಡು ಓಡಾಡಿದರೆ ಅಳು ಯಾಕೆ ನಿಲ್ಲುತ್ತದೆ ಅಂತ ಜಪಾನಿನ ಕುಮಿ ಕುರೋಡಾ ಅವರ ತಂಡ ಪರೀಕ್ಷೆ ಮಾಡಿ ನೋಡಿ, 2013ರಲ್ಲಿ ಪ್ರಕಟಿಸಿತು. ಆರು ತಿಂಗಳೊಳಗಿನ ಮಕ್ಕಳನ್ನು ಅಮ್ಮ ಎತ್ತಿಕೊಂಡು ಕೂತಾಗ ಆಗುವುದಕ್ಕಿಂತ, ಎತ್ತಿಕೊಂಡು ನಡೆದಾಗ ಅಳು ಬೇಗ ಇಳಿಯಿತು. ಬರೀ ಅಳು ಅಲ್ಲ, ಎದೆಬಡಿತವೂ ಇಳಿಯಿತು. ಇಲಿಮರಿಗಳಲ್ಲೂ ಹೀಗೇ ಕಂಡಿತು. ಅಂದರೆ ಮಗು ನಾಟಕ ಮಾಡುತ್ತಿಲ್ಲ. ಹೊತ್ತುಕೊಂಡು ನಡೆಯುವವರು ಸಿಕ್ಕರೆ ಅದರ ಮೈ ನಿಜವಾಗಿಯೂ ತಣ್ಣಗಾಗುತ್ತದೆ.

ಇದು ದಿನಕ್ಕೆ ಹತ್ತಾರು ಸಲ, ತಿಂಗಳುಗಟ್ಟಲೆ ನಡೆಯುತ್ತದೆ. ಕಳವಳ ಏರುತ್ತದೆ, ಯಾರೋ ಬರುತ್ತಾರೆ, ಕಳವಳ ಇಳಿಯುತ್ತದೆ. ಏರಿದ್ದು ಇಳಿಯುತ್ತದೆ ಅನ್ನುವುದನ್ನು ಮಗು ಯಾರ ಬಾಯಿಂದಲೂ ಕೇಳಿ ಕಲಿಯುವುದಿಲ್ಲ. ಮೈಯಿಂದಲೇ ಕಲಿಯುತ್ತದೆ. ಮುಂದೆ ನಾವು "ಭಾವನೆ ಹತೋಟಿಯಲ್ಲಿದೆ" ಅನ್ನುತ್ತೇವಲ್ಲ, ಅದು ಶುರುವಾಗುವುದು ಇಲ್ಲಿಂದ.

1990ರ ದಶಕದಲ್ಲಿ ಅಮೆರಿಕದ ಮೇಗನ್ ಗನ್ನರ್ ಮತ್ತು ಅವರ ಜೊತೆಗಾರರು ಒಂದೂವರೆ ವರ್ಷದ ಮಕ್ಕಳ ಮುಂದೆ ಕೋಡಂಗಿ ವೇಷದವರನ್ನೂ ಸದ್ದು ಮಾಡುವ ರೋಬೋ ಒಂದನ್ನೂ ತಂದು ನಿಲ್ಲಿಸಿದರು. ನಾಚಿಕೆ ಸ್ವಭಾವದ ಮಕ್ಕಳು ಅಮ್ಮನಿಗೆ ಅಂಟಿಕೊಂಡರು. ಒತ್ತಡ ಬಂದಾಗ ಮೈಯಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನನ್ನು ಅಳೆದು ನೋಡಿದರು. ಅಮ್ಮನ ಮೇಲೆ ಗಟ್ಟಿ ಭರವಸೆ ಇದ್ದ ಮಕ್ಕಳಲ್ಲಿ, ಹೆದರಿಕೆ ಕಂಡರೂ ಕಾರ್ಟಿಸಾಲ್ ಏರಲಿಲ್ಲ. ಆ ಭರವಸೆ ಇಲ್ಲದ ನಾಚಿಕೆಯ ಮಕ್ಕಳಲ್ಲಿ ಏರಿತು. ನನಗೆ ತುಂಬಾ ಇಷ್ಟವಾದ ಸಂಶೋಧನೆ ಇದು. ನಾಚಿಕೆ ಸ್ವಭಾವ ಹುಟ್ಟಿನಿಂದ ಬಂದಿರಬಹುದು, ಅದನ್ನು ಅಪ್ಪ ಅಮ್ಮ ತೆಗೆದುಹಾಕಲು ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ನಾಚಿಕೆ ಮಗುವಿನ ಮೈಯನ್ನು ಎಷ್ಟು ಸುಡುತ್ತದೆ ಅನ್ನುವುದು ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಸುಮ್ಮನಾದ ಮಗು, ಸಮಾಧಾನವಾದ ಮಗು

ಇವತ್ತು ಇದೆಲ್ಲ ಗೊತ್ತಿರುವ ವಿಷಯ ಅನ್ನಿಸಬಹುದು. 20ನೇ ಶತಮಾನದ ಮೊದಲ ಅರ್ಧದಲ್ಲಿ ಹಾಗಿರಲಿಲ್ಲ. ಮಗು ಅಮ್ಮನಿಗೆ ಅಂಟಿಕೊಳ್ಳುವುದು ಹಾಲಿಗಾಗಿ, ಹೊಟ್ಟೆ ತುಂಬಿಸಿದವರನ್ನು ಅದು ಪ್ರೀತಿಸುತ್ತದೆ ಅಷ್ಟೇ, ಅಂತ ದೊಡ್ಡ ದೊಡ್ಡ ಪಂಡಿತರೇ ನಂಬಿದ್ದರು. ಜಾಸ್ತಿ ಮುದ್ದು ಮಾಡಬೇಡಿ ಅಂತ ಪುಸ್ತಕಗಳಲ್ಲಿ ಬರೆಯುತ್ತಿದ್ದರು.

ಈ ನಂಬಿಕೆ ಅಲ್ಲಾಡಿದ್ದು ಕೋತಿಮರಿಗಳಿಂದ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಹಾರ್ಲೋ ರೀಸಸ್ ಕೋತಿಮರಿಗಳನ್ನು ತಾಯಿಯಿಂದ ಬೇರೆ ಮಾಡಿ, ಎರಡು ಬೊಂಬೆ ತಾಯಂದಿರ ಜೊತೆ ಬೆಳೆಸಿದರು. ಒಂದು ತಂತಿಯ ಬೊಂಬೆ, ಇನ್ನೊಂದು ಮೆತ್ತನೆ ಬಟ್ಟೆ ಸುತ್ತಿದ ಬೊಂಬೆ. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿ ಇದ್ದಾಗಲೂ ಮರಿಗಳು ಅಲ್ಲಿಗೆ ಹೋಗುತ್ತಿದ್ದದ್ದು ಕುಡಿಯುವಷ್ಟು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನು ಅಪ್ಪಿ ಹಿಡಿದಿರುತ್ತಿದ್ದವು. ಹೆದರಿಸಿದಾಗ ಓಡುತ್ತಿದ್ದದ್ದೂ ಅದರ ಬಳಿಗೇ. 1958ರಲ್ಲಿ ಹಾರ್ಲೋ ಇದನ್ನು ಪ್ರಕಟಿಸಿದರು. ಆ ಮರಿಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇಂಥ ಪ್ರಯೋಗ ಇವತ್ತು ಮಾಡಬಾರದು ಅಂತಲೇ ನನ್ನ ಅಭಿಪ್ರಾಯ. ಅವು ಕಲಿಸಿದ ಇನ್ನೊಂದು ಪಾಠವೂ ಇದೆ. ಬಟ್ಟೆಯ ಬೊಂಬೆ ಮೆತ್ತಗಿತ್ತು ನಿಜ, ಆದರೆ ಅದು ತಿರುಗಿ ಏನನ್ನೂ ಹೇಳುತ್ತಿರಲಿಲ್ಲ. ಅದರ ಜೊತೆ ಬೆಳೆದ ಮರಿಗಳಿಗೆ ದೊಡ್ಡವಾದ ಮೇಲೆ ಬೇರೆ ಕೋತಿಗಳ ಜೊತೆ ಹೊಂದಿಕೊಂಡು ಬಾಳಲು ಬರಲಿಲ್ಲ. ಸ್ಪರ್ಶ ಬೇಕು, ಆದರೆ ಸ್ಪರ್ಶ ಒಂದೇ ಸಾಲದು. ಮಗುವಿಗೆ ಓಗೊಡುವ ಜೀವ ಬೇಕು.

ಮನುಷ್ಯರ ಕಡೆ ಇದೇ ಮಾತನ್ನು ಹೇಳುತ್ತಿದ್ದವರು ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಎರಡನೇ ಮಹಾಯುದ್ಧದ ನಂತರ ಮನೆ ಮಠ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗೆ ಅವರು ಬರೆದುಕೊಟ್ಟ ವರದಿ 1951ರಲ್ಲಿ ಹೊರಬಂತು. ಅವರ ಜೊತೆ ಕೆಲಸ ಮಾಡುತ್ತಿದ್ದ ಜೇಮ್ಸ್ ರಾಬರ್ಟ್‌ಸನ್, ಆಸ್ಪತ್ರೆ ಸೇರಿದ ಪುಟ್ಟ ಮಕ್ಕಳನ್ನು ಗಮನಿಸುತ್ತಿದ್ದರು. ಆ ಕಾಲದಲ್ಲಿ ಮಗುವನ್ನು ಆಸ್ಪತ್ರೆಗೆ ಸೇರಿಸಿದರೆ ಅಪ್ಪ ಅಮ್ಮನಿಗೆ ನೋಡಲು ಬಿಡುತ್ತಿದ್ದದ್ದೇ ಕಡಿಮೆ. ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ ಅನ್ನುವುದು ಕಾರಣ.

ರಾಬರ್ಟ್‌ಸನ್ ಕಂಡದ್ದು ಬೇರೆ. ಮೊದಲ ದಿನಗಳಲ್ಲಿ ಮಗು ಅತ್ತು ಕರೆಯುತ್ತದೆ. ಆಮೇಲೆ ಕುಗ್ಗಿ ಮೂಲೆ ಸೇರುತ್ತದೆ. ಕೊನೆಗೆ ಆಟ ಆಡುತ್ತದೆ, ಊಟ ಮಾಡುತ್ತದೆ, ಎಲ್ಲರನ್ನೂ ನೋಡಿ ನಗುತ್ತದೆ. ನರ್ಸುಗಳು "ಹೊಂದಿಕೊಂಡಿತು" ಅನ್ನುತ್ತಾರೆ. ಆಮೇಲೆ ಅಮ್ಮ ಬಂದಾಗ ಆ ಮಗು ಮುಖ ತಿರುಗಿಸುತ್ತದೆ. ಹೊಂದಿಕೊಂಡಿದ್ದಲ್ಲ, ಕರೆಯುವುದನ್ನೇ ಬಿಟ್ಟಿತ್ತು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬದಿದ್ದಾಗ ರಾಬರ್ಟ್‌ಸನ್ ಕ್ಯಾಮೆರಾ ಹಿಡಿದರು. ಎಂಟು ದಿನಕ್ಕೆಂದು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯನ್ನು ಚಿತ್ರೀಕರಿಸಿ 1952ರಲ್ಲಿ ವೈದ್ಯರ ಮುಂದೆ ತೋರಿಸಿದರು. ಹಲವರು ಸಿಟ್ಟಾದರು. 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು, ಅಪ್ಪ ಅಮ್ಮ ಯಾವ ಹೊತ್ತಿನಲ್ಲಾದರೂ ಬಂದು ಮಗುವನ್ನು ನೋಡಲು ಬಿಡಬೇಕು ಅಂತ ಶಿಫಾರಸು ಮಾಡಿತು. ಇವತ್ತು ಮಗುವಿನ ಹಾಸಿಗೆ ಪಕ್ಕದಲ್ಲಿ ಅಮ್ಮ ಮಲಗುವುದು ಸಹಜ ಅನ್ನಿಸುತ್ತದಲ್ಲ, ಅದಕ್ಕಾಗಿ ಯಾರೋ ಜಗಳವಾಡಿದ್ದರು.

"ಅತ್ತು ಅತ್ತು ತಾನೇ ಸುಮ್ಮನಾಗುತ್ತೆ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಆ ಮಕ್ಕಳು ನೆನಪಾಗುತ್ತಾರೆ. ಹಾಗಂತ ಇದನ್ನು ತಪ್ಪಾಗಿ ಹಿಗ್ಗಿಸಬಾರದು. ತಿಂಗಳುಗಟ್ಟಲೆ ಒಂಟಿ ಬಿಡುವುದು ಬೇರೆ, ಮಲಗುವ ಅಭ್ಯಾಸ ಕಲಿಸುವುದು ಬೇರೆ. ಆಸ್ಟ್ರೇಲಿಯಾದಲ್ಲಿ ಏಳು ತಿಂಗಳ ಆಸುಪಾಸಿನ ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ತಾವಾಗಿ ನಿದ್ದೆಗೆ ಜಾರುವುದನ್ನು ಕಲಿಸಿ, ಅವರಿಗೆ 6 ವರ್ಷ ಆಗುವವರೆಗೂ ಹಿಂಬಾಲಿಸಿ ನೋಡಿದರು. ಆ ಮಕ್ಕಳಲ್ಲೂ ಉಳಿದವರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹಗಲಿಡೀ ಓಗೊಡುವ ಮನೆಯಲ್ಲಿ ರಾತ್ರಿಯ ಕೆಲವು ನಿಮಿಷದ ಅಳು ಮಗುವನ್ನು ಮುರಿಯುವುದಿಲ್ಲ.

ಅಮ್ಮ ತಿರುಗಿ ಬಂದ ಗಳಿಗೆ

ಭರವಸೆ ಅನ್ನುವುದನ್ನು ಅಳೆಯುವುದು ಹೇಗೆ? ಒಂದು ವರ್ಷದ ಮಗುವನ್ನು ಕೂರಿಸಿಕೊಂಡು ಕೇಳಲು ಆಗುವುದಿಲ್ಲ. ಈ ಗಂಟು ಬಿಡಿಸಿದವರು ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್.

ಐನ್ಸ್‌ವರ್ತ್ ಮೊದಲು ಉಗಾಂಡಾದ ಹಳ್ಳಿಗಳಲ್ಲಿ 1954ರ ಸುಮಾರಿಗೆ 26 ಕುಟುಂಬಗಳ ಮಕ್ಕಳನ್ನು ಗಮನಿಸಿದರು. ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮತ್ತೆ 26 ಕುಟುಂಬಗಳು. ಮೂರು ವಾರಕ್ಕೊಮ್ಮೆ, ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ಮಗುವಿಗೆ ಒಂದು ವರ್ಷ ತುಂಬುವವರೆಗೂ ಮನೆಗೆ ಹೋಗಿ ಕೂತು ನೋಡುವುದು, ಬರೆದುಕೊಳ್ಳುವುದು. ಒಂದೊಂದು ಮನೆಯಲ್ಲಿ ಹೆಚ್ಚುಕಡಿಮೆ 72 ಗಂಟೆ! ಈ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ.

ವರ್ಷದ ಕೊನೆಗೆ ಅವರು ಸುಮಾರು 20 ನಿಮಿಷದ ಒಂದು ಪರೀಕ್ಷೆ ಮಾಡಿದರು. ಗುರುತಿಲ್ಲದ ಕೋಣೆ, ಅಲ್ಲಿ ಆಟದ ಸಾಮಾನು. ಅಮ್ಮ ಮತ್ತು ಮಗು ಒಳಗೆ ಬರುತ್ತಾರೆ. ಅಪರಿಚಿತರೊಬ್ಬರು ಬರುತ್ತಾರೆ. ಅಮ್ಮ ಸ್ವಲ್ಪ ಹೊತ್ತು ಹೊರಗೆ ಹೋಗಿ ತಿರುಗಿ ಬರುತ್ತಾಳೆ. ಇನ್ನೊಮ್ಮೆ ಹೋಗುತ್ತಾಳೆ, ಬರುತ್ತಾಳೆ. ಅಷ್ಟೇ.

ಅಮ್ಮ ಹೋದಾಗ ಮಗು ಎಷ್ಟು ಅಳುತ್ತದೆ ಅನ್ನುವುದು ಮುಖ್ಯ ಅಂತ ಅನ್ನಿಸುತ್ತದೆ, ಅಲ್ವಾ? ಐನ್ಸ್‌ವರ್ತ್ ಕಣ್ಣಿಟ್ಟದ್ದು ಅಲ್ಲಿಗಲ್ಲ, ಅಮ್ಮ ತಿರುಗಿ ಬಂದ ಗಳಿಗೆಗೆ. ಹೆಚ್ಚಿನ ಮಕ್ಕಳು ಅಮ್ಮನ ಕಡೆ ಹೋದರು, ಕೈ ಚಾಚಿದರು, ಎತ್ತಿಕೊಂಡರೆ ಸ್ವಲ್ಪ ಹೊತ್ತಿನಲ್ಲಿ ಸಮಾಧಾನವಾಗಿ ಮತ್ತೆ ಆಟಕ್ಕೆ ಇಳಿದರು. ಇದು ಗಟ್ಟಿಯಾದ ನಂಟು. ಕೆಲವು ಮಕ್ಕಳು ಅಮ್ಮನಿಗೆ ಜೋತುಬಿದ್ದರೂ ಸಮಾಧಾನ ಆಗಲಿಲ್ಲ. ಎತ್ತಿಕೊಂಡರೆ ಒದ್ದರು, ಇಳಿಸಿದರೆ ಅತ್ತರು. ಇನ್ನು ಕೆಲವರು ಅಮ್ಮ ಬಂದದ್ದನ್ನು ನೋಡಿಯೂ ನೋಡದ ಹಾಗೆ ಆಟದಲ್ಲೇ ಮುಳುಗಿದ್ದರು.

ಈ ಮೂರನೇ ಗುಂಪು ನೋಡಿದರೆ ಯಾರಾದರೂ "ಎಷ್ಟು ಒಳ್ಳೆ ಮಗು, ಎಷ್ಟು ಧೈರ್ಯ" ಅನ್ನುತ್ತಾರೆ. ಆಮೇಲಿನ ವರ್ಷಗಳಲ್ಲಿ ಬೇರೆ ಸಂಶೋಧಕರು ಇಂಥ ಮಕ್ಕಳ ಎದೆಬಡಿತ ಅಳೆದರು. ಮುಖ ಶಾಂತವಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ರಾಬರ್ಟ್‌ಸನ್ ಆಸ್ಪತ್ರೆಯಲ್ಲಿ ಕಂಡದ್ದೇ ಇಲ್ಲೂ ಸಣ್ಣ ಅಳತೆಯಲ್ಲಿ ಇತ್ತು. ಬೇಕು ಅಂತ ತೋರಿಸಿಕೊಂಡರೆ ದೂರ ತಳ್ಳುತ್ತಾರೆ ಅಂತ ಕಲಿತ ಮಗು, ಬೇಕು ಅನ್ನುವುದನ್ನೇ ಮುಚ್ಚಿಡುತ್ತದೆ.

ಐನ್ಸ್‌ವರ್ತ್ ತಮ್ಮ ಟಿಪ್ಪಣಿಗಳನ್ನು ತಿರುವಿ ನೋಡಿದಾಗ, ಆ 20 ನಿಮಿಷದಲ್ಲಿ ಕಂಡದ್ದಕ್ಕೂ ವರ್ಷವಿಡೀ ಮನೆಯಲ್ಲಿ ನಡೆದದ್ದಕ್ಕೂ ಸಂಬಂಧ ಕಂಡಿತು. ಮಗುವಿನ ಸನ್ನೆ ಅರ್ಥ ಮಾಡಿಕೊಂಡು ಹೆಚ್ಚು ತಡಮಾಡದೆ ಓಗೊಟ್ಟ ಮನೆಗಳ ಮಕ್ಕಳು ಹೆಚ್ಚಾಗಿ ಮೊದಲ ಗುಂಪಿನಲ್ಲಿದ್ದರು. ಮನಸ್ಸು ಬಂದಾಗ ಮುದ್ದು, ಇಲ್ಲದಾಗ ಉಪೇಕ್ಷೆ ಮಾಡಿದ ಮನೆಗಳ ಮಕ್ಕಳು ಎರಡನೆಯದರಲ್ಲಿ. ಮಗು ಬಳಿ ಬಂದಾಗಲೆಲ್ಲ ದೂರ ತಳ್ಳಿದ ಮನೆಗಳ ಮಕ್ಕಳು ಮೂರನೆಯದರಲ್ಲಿ. ಈ ಸಂಬಂಧ ಆಮೇಲೆ ಬೇರೆ ಬೇರೆ ಕಡೆಯ ಅಧ್ಯಯನಗಳಲ್ಲೂ ಕಂಡಿದೆ. ಆದರೆ ಐನ್ಸ್‌ವರ್ತ್ ಕಂಡಷ್ಟು ಬಲವಾಗಿ ಅಲ್ಲ. ಮನೆಯವರ ಸ್ಪಂದನೆ ಒಂದು ದೊಡ್ಡ ಕಾರಣ, ಆದರೆ ಅದೊಂದೇ ಕಾರಣ ಅಲ್ಲ.

1980ರ ದಶಕದಲ್ಲಿ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ನಾಲ್ಕನೇ ಗುಂಪೊಂದನ್ನು ಗುರುತಿಸಿದರು. ಈ ಮಕ್ಕಳು ಅಮ್ಮನ ಕಡೆ ಹೊರಟು ನಡುವೆ ಮರಗಟ್ಟಿ ನಿಲ್ಲುತ್ತಿದ್ದರು, ಮುಖ ಆ ಕಡೆ ತಿರುಗಿಸಿಕೊಂಡು ಹತ್ತಿರ ಬರುತ್ತಿದ್ದರು. ಹೊಡೆತ ಬಡಿತ, ತೀವ್ರ ಭಯ ಇರುವ ಮನೆಗಳ ಮಕ್ಕಳಲ್ಲಿ ಇದು ಹೆಚ್ಚು. ಹೆದರಿದರೆ ಓಡಿಹೋಗಬೇಕಾದ ಮಡಿಲೇ ಹೆದರಿಕೆಯ ಮೂಲವಾದರೆ ಮಗು ಎಲ್ಲಿಗೆ ಹೋಗಬೇಕು? ನಾಲ್ಕರಲ್ಲಿ ನಿಜವಾಗಿ ಚಿಂತೆ ಮಾಡಬೇಕಾದದ್ದು ಇದಕ್ಕೆ. ಎರಡನೇ ಮತ್ತು ಮೂರನೇ ಗುಂಪುಗಳು ಕಾಯಿಲೆಗಳಲ್ಲ. ತಮಗೆ ಸಿಕ್ಕ ಮನೆಗೆ ಮಕ್ಕಳು ಕಂಡುಕೊಂಡ ದಾರಿಗಳು.

ಹತ್ತರಲ್ಲಿ ಮೂರು ಸಲ

ಇಲ್ಲಿಯವರೆಗೆ ಓದಿದ ಅಪ್ಪ ಅಮ್ಮನಿಗೆ ಎದೆ ಭಾರವಾಗಿರಬಹುದು. "ಮೊನ್ನೆ ಫೋನ್ ನೋಡುತ್ತಾ ಮಗು ಕರೆದದ್ದು ಕೇಳಿಸಲೇ ಇಲ್ಲ. ನಿನ್ನೆ ಸಿಟ್ಟಲ್ಲಿ ಗದರಿಬಿಟ್ಟೆ. ಮುಗಿಯಿತಾ?" ಇಲ್ಲ. ಈ ಲೇಖನ ಬರೆಯಲು ಕೂತಿದ್ದೇ ಮುಂದಿನ ಮಾತು ಹೇಳಲಿಕ್ಕೆ.

1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಅನ್ನುವ ಮನೋವಿಜ್ಞಾನಿ ಒಂದು ಪುಟ್ಟ ಪ್ರಯೋಗ ಮಾಡಿದರು. ಅಮ್ಮ ಮಗುವಿನ ಎದುರು ಕೂತು ನಗುತ್ತಾ ಮಾತಾಡಿಸುತ್ತಾಳೆ. ಆಮೇಲೆ ಎರಡು ಮೂರು ನಿಮಿಷ ಮುಖ ಕಲ್ಲಿನ ಹಾಗೆ ಇಟ್ಟುಕೊಂಡು ಸುಮ್ಮನೆ ನೋಡುತ್ತಾಳೆ. ಮಗು ಮೊದಲು ನಗುತ್ತದೆ. ಕೂಗುತ್ತದೆ. ಕೈ ಚಾಚುತ್ತದೆ. ತನ್ನಲ್ಲಿರುವ ಎಲ್ಲ ಉಪಾಯ ಮಾಡಿ ನೋಡುತ್ತದೆ. ಏನೂ ನಡೆಯದಿದ್ದಾಗ ಮುಖ ತಿರುಗಿಸಿ ಕುಸಿಯುತ್ತದೆ. ಅದರ ವಿಡಿಯೋ ನೋಡುವುದು ಕಷ್ಟ. ನಾನು ಒಂದು ಸಲ ನೋಡಿ ನಿಲ್ಲಿಸಿಬಿಟ್ಟೆ. ಆದರೆ ಪ್ರಯೋಗಕ್ಕೆ ಮೂರನೇ ಭಾಗವೊಂದಿದೆ. ಅಮ್ಮನ ಮುಖಕ್ಕೆ ಜೀವ ಮರಳುತ್ತದೆ. "ಏನಾಯ್ತು ಬಂಗಾರ, ಇಲ್ಲೇ ಇದ್ದೀನಿ" ಅನ್ನುತ್ತಾಳೆ. ಮಗು ಸ್ವಲ್ಪ ಹೊತ್ತು ಮುನಿಸಿಕೊಂಡಿದ್ದು, ಮತ್ತೆ ಅವಳ ಕಡೆ ತಿರುಗುತ್ತದೆ.

ಟ್ರಾನಿಕ್ ಮನೆಮನೆಗಳ ಸಾಮಾನ್ಯ ಅಮ್ಮಂದಿರನ್ನೂ ಮಕ್ಕಳನ್ನೂ ಸೆಕೆಂಡು ಸೆಕೆಂಡಿಗೆ ಅಳೆದು ನೋಡಿದರು. ಎಲ್ಲ ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ಭಾವ ಒಂದಕ್ಕೊಂದು ಹೊಂದಿದ್ದದ್ದು ಸುಮಾರು ಶೇಕಡ 30ರಷ್ಟು ಹೊತ್ತು ಮಾತ್ರ. ಹತ್ತರಲ್ಲಿ ಮೂರು. ಉಳಿದ ಹೊತ್ತೆಲ್ಲ ತಾಳ ತಪ್ಪುತ್ತದೆ. ಮಗು ಆಟಕ್ಕೆ ಕರೆದಾಗ ಅಮ್ಮನಿಗೆ ದಣಿವು, ಅಮ್ಮ ಮುದ್ದಿಸಲು ಹೋದಾಗ ಮಗುವಿಗೆ ನಿದ್ದೆ. ತಪ್ಪಿದ ತಾಳವನ್ನು ಇಬ್ಬರೂ ಸೇರಿ ಮತ್ತೆ ಹಿಡಿಯುತ್ತಾರೆ. ಮತ್ತೆ ತಪ್ಪುತ್ತದೆ, ಮತ್ತೆ ಹಿಡಿಯುತ್ತಾರೆ. ನಂಟು ಗಟ್ಟಿಯಾಗುವುದು ಹೀಗೆ ಸರಿಪಡಿಸಿಕೊಳ್ಳುವಾಗಲೇ ಅಂತ ಟ್ರಾನಿಕ್ ಹೇಳಿದರು.

ಯಾಕೆ ಅಂತ ಯೋಚಿಸಿ ನೋಡಿ. ಯಾವತ್ತೂ ತಪ್ಪದ ಅಮ್ಮನ ಜೊತೆ ಬೆಳೆದ ಮಗುವಿಗೆ, ತಪ್ಪಿದ್ದು ಸರಿಹೋಗುತ್ತದೆ ಅನ್ನುವುದು ಹೇಗೆ ಗೊತ್ತಾಗಬೇಕು? ನಾಲ್ಕು ತಿಂಗಳ ಮಕ್ಕಳೂ ಅಮ್ಮಂದಿರೂ ಮಾಡುವ ಸದ್ದುಗಳ ಲಯವನ್ನು ಅಳೆದ ಇನ್ನೊಂದು ಅಧ್ಯಯನ 2001ರಲ್ಲಿ ಬಂತು. ಲಯ ತೀರಾ ಬಿಗಿಯಾಗಿ ಹೊಂದಿದ್ದವರಿಗಿಂತಲೂ, ತೀರಾ ಹೊಂದದವರಿಗಿಂತಲೂ, ನಡುವಿನಲ್ಲಿದ್ದವರ ಮಕ್ಕಳಲ್ಲೇ ವರ್ಷದ ಹೊತ್ತಿಗೆ ಗಟ್ಟಿ ನಂಟು ಹೆಚ್ಚಾಗಿ ಕಂಡಿತು. ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ ಇದಕ್ಕೂ ಎಷ್ಟೋ ಮೊದಲೇ, ಮಗುವಿಗೆ ಬೇಕಾದದ್ದು ಸಾಕಷ್ಟು ಒಳ್ಳೆಯ ಅಮ್ಮ ಅಂತ ಹೇಳಿದ್ದರು.

ಮನೆಯಿಂದ ಹೊರಗೆ

ಮನೆಯಲ್ಲಿ ಕಲಿತದ್ದು ಹೊರಗಿನ ಜನರ ಜೊತೆಗಿನ ನಡವಳಿಕೆಗೆ ಹೇಗೆ ದಾಟುತ್ತದೆ? ಒಂದು ದಾರಿ ಮುಖ ಓದುವುದು. ಒಂದು ವರ್ಷದ ಮಗುವಿನ ಮುಂದೆ ಗೊತ್ತಿಲ್ಲದ್ದೇನಾದರೂ ಬಂದರೆ ಅದು ತಟ್ಟನೆ ಅಪ್ಪನದೋ ಅಮ್ಮನದೋ ಮುಖ ನೋಡುತ್ತದೆ. 1985ರ ಒಂದು ಪ್ರಯೋಗದಲ್ಲಿ ಗಾಜಿನ ಹಾಸಿನ ಕೆಳಗೆ ಹಳ್ಳ ಇರುವ ಹಾಗೆ ಕಾಣುವ ಮೇಜೊಂದರ ಮೇಲೆ ಮಕ್ಕಳನ್ನು ಬಿಟ್ಟರು. ಆಚೆ ತುದಿಯಲ್ಲಿ ಅಮ್ಮ. ಅಮ್ಮ ನಗುಮುಖ ತೋರಿಸಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿದರು. ಹೆದರಿದ ಮುಖ ತೋರಿಸಿದಾಗ 17ರಲ್ಲಿ ಒಂದೂ ದಾಟಲಿಲ್ಲ. ಯಾವುದಕ್ಕೆ ಹೆದರಬೇಕು, ಯಾರನ್ನು ನಂಬಬಹುದು ಅನ್ನುವುದನ್ನು ಮಾತು ಬರುವ ಮೊದಲೇ ಮಗು ನಮ್ಮ ಮುಖದಿಂದ ಓದಿಕೊಳ್ಳುತ್ತಿರುತ್ತದೆ.

ಇನ್ನೊಂದು ದಾರಿ ನಿರೀಕ್ಷೆ. ಪದೇ ಪದೇ ನಡೆದದ್ದರಿಂದ ಮಗು ಮನಸ್ಸಿನಲ್ಲಿ ಒಂದು ಅಂದಾಜು ಕಟ್ಟಿಕೊಳ್ಳುತ್ತದೆ ಅಂತ ಬೌಲ್ಬಿ ಹೇಳಿದ್ದರು. ನಾನು ಎಂಥವನು? ಜನ ಎಂಥವರು? ಕೇಳಿದರೆ ಸಿಗುತ್ತದಾ? ಆಟವಾಡುವಾಗ ಯಾರದೋ ಮೊಣಕೈ ತಗುಲಿತು ಅಂತ ಇಟ್ಟುಕೊಳ್ಳಿ. ಒಂದು ಮಗು "ಅಯ್ಯೋ, ತಾಗಿತು" ಅಂದುಕೊಂಡು ಆಟ ಮುಂದುವರಿಸುತ್ತದೆ. ಇನ್ನೊಂದು "ಬೇಕಂತಲೇ ತಳ್ಳಿದ" ಅಂತ ತಿರುಗಿ ಬೀಳುತ್ತದೆ. ಮೊಣಕೈ ಒಂದೇ, ಅಂದಾಜು ಬೇರೆ. ತಿರುಗಿ ಬೀಳುವ ಮಗುವಿನ ಜೊತೆ ಉಳಿದವರೂ ಒರಟಾಗುತ್ತಾರೆ. ಅದರ ಅಂದಾಜೇ ನಿಜವಾಗುತ್ತಾ ಹೋಗುತ್ತದೆ.

ಇದನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದು ಅಮೆರಿಕದ ಮಿನ್ನೆಸೋಟಾದಲ್ಲಿ. 1970ರ ದಶಕದ ಮಧ್ಯದಲ್ಲಿ ಬೈರನ್ ಎಗೆಲ್ಯಾಂಡ್, ಅಲನ್ ಸ್ರೂಫ್ ಮತ್ತು ಜೊತೆಗಾರರು ಬಡತನದಲ್ಲಿದ್ದ 200ಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸಿದರು. ಈ ಮಕ್ಕಳಲ್ಲಿ ಕೆಲವರು ನರ್ಸರಿ ಸೇರಿದಾಗ, ಐನ್ಸ್‌ವರ್ತ್ ಪರೀಕ್ಷೆಯಲ್ಲಿ ಯಾರು ಯಾವ ಗುಂಪಿಗೆ ಬಂದಿದ್ದರು ಅಂತ ಗೊತ್ತಿಲ್ಲದ ಟೀಚರುಗಳಿಂದ ಅಂಕ ಹಾಕಿಸಿದರು. ಟೀಚರಿಗೆ ಅಂಟಿಕೊಂಡು, ಎಲ್ಲದಕ್ಕೂ ಅವರನ್ನೇ ನೆಚ್ಚಿಕೊಂಡಿದ್ದವರು ಯಾರು ಗೊತ್ತಾ? ಗಟ್ಟಿ ನಂಟು ಇಲ್ಲದೆ ಬೆಳೆದವರು. ಅಮ್ಮನ ಮುಂದೆ ಏನೂ ಬೇಡ ಅನ್ನುವ ಹಾಗೆ ಇದ್ದ ಮಕ್ಕಳೂ ಅದರಲ್ಲಿದ್ದರು. ಕೂಸಾಗಿದ್ದಾಗ ಗಟ್ಟಿ ನಂಟು ಇದ್ದ ಮಕ್ಕಳು ತಮ್ಮ ಕೆಲಸ ತಾವು ನೋಡಿಕೊಳ್ಳುತ್ತಿದ್ದರು. ಬೇಕಾದಾಗ ಮಾತ್ರ ಸಹಾಯ ಕೇಳುತ್ತಿದ್ದರು. ಅವರಿಗೆ ಗೆಳೆಯರೂ ಸುಲಭವಾಗಿ ಸಿಗುತ್ತಿದ್ದರು. ಬೇರೆ ಮಗು ಅತ್ತರೆ ಹತ್ತಿರ ಹೋಗುತ್ತಿದ್ದರು.

ಕೈ ರೂಢಿ ಆಗುತ್ತದೆ, ಮಗು ಸ್ವತಂತ್ರವಾಗುವುದಿಲ್ಲ ಅನ್ನುವ ಪಕ್ಕದ ಕೋಣೆಯ ಮಾತಿಗೆ ನನಗೆ ಸಿಕ್ಕ ಉತ್ತರ ಇದು. ನೆಚ್ಚಿಕೊಳ್ಳಲು ಒಬ್ಬರು ಇದ್ದಾರೆ ಅಂತ ಖಾತ್ರಿ ಇರುವ ಮಗುವೇ ಧೈರ್ಯವಾಗಿ ದೂರ ಹೋಗುತ್ತದೆ.

ಹಣೆಬರಹ ಅಲ್ಲ

ಇಷ್ಟು ಹೇಳಿದ ಮೇಲೆ "ಮೊದಲ ಮೂರು ವರ್ಷದಲ್ಲಿ ಎಲ್ಲ ನಿರ್ಧಾರವಾಗಿ ಹೋಗುತ್ತದೆ" ಅಂತ ಯಾರಾದರೂ ಅಂದುಕೊಂಡರೆ ಅದು ನಿಜವಲ್ಲ. ಚಿಕ್ಕಂದಿನ ನಂಟು ಮುಂದಿನದರ ಕಡೆ ಒಂದು ಒಲವು ಕೊಡುತ್ತದೆ, ಅಷ್ಟೇ. ಮನೆಯ ಪರಿಸ್ಥಿತಿ ಬದಲಾದರೆ ಮಗುವಿನ ಗುಂಪೂ ಬದಲಾಗುತ್ತದೆ. ಒಳ್ಳೆಯದರಿಂದ ಕೆಟ್ಟದಕ್ಕೂ, ಕೆಟ್ಟದರಿಂದ ಒಳ್ಳೆಯದಕ್ಕೂ.

ಅತಿ ಕಠಿಣ ಉದಾಹರಣೆ ರುಮೇನಿಯಾದ್ದು. 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಆಡಳಿತ ಬಿದ್ದಾಗ ಅಲ್ಲಿನ ಅನಾಥಾಲಯಗಳ ಸ್ಥಿತಿ ಹೊರಜಗತ್ತಿಗೆ ಕಂಡಿತು. ಸಾಲು ಸಾಲು ತೊಟ್ಟಿಲು, ಬೆರಳೆಣಿಕೆಯ ಆಯಾಗಳು, ಅಳುವುದನ್ನೇ ನಿಲ್ಲಿಸಿದ ಮಕ್ಕಳು. 2000ದ ಬಳಿಕ ಚಾರ್ಲ್ಸ್ ನೆಲ್ಸನ್, ನಾಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಬುಖಾರೆಸ್ಟ್‌ನಲ್ಲಿ 136 ಮಕ್ಕಳ ಜೊತೆ ಕೆಲಸ ಮಾಡಿದರು. ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ಮೂರೂವರೆ ವರ್ಷದ ಹೊತ್ತಿಗೆ ಸಾಕು ಮನೆಗೆ ಹೋದವರಲ್ಲಿ ಹೆಚ್ಚುಕಡಿಮೆ ಅರ್ಧ ಮಕ್ಕಳಿಗೆ ಗಟ್ಟಿ ನಂಟು ಬೆಳೆದಿತ್ತು. ಉಳಿದ ಗುಂಪಿನಲ್ಲಿ ಐದರಲ್ಲಿ ಒಂದು ಮಗುವಿಗೂ ಅದು ಇರಲಿಲ್ಲ. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಬೇಗ ಸಿಕ್ಕಿದಷ್ಟೂ ಒಳ್ಳೆಯದು. ಆದರೆ ಅಷ್ಟು ಕಳೆದುಕೊಂಡ ಮೇಲೂ ಮಕ್ಕಳು ಹೊಸ ಮಡಿಲನ್ನು ನಂಬಿದರು. ಅದನ್ನು ಓದುವಾಗ ನನಗೆ ಗಂಟಲು ಕಟ್ಟಿತು.

ಮಡಿಲು ಅಮ್ಮನದೇ ಆಗಬೇಕು ಅಂತಲೂ ಇಲ್ಲ. ಮಕ್ಕಳು ಒಬ್ಬರಿಗಿಂತ ಜಾಸ್ತಿ ಜನರ ಜೊತೆ ನಂಟು ಕಟ್ಟಿಕೊಳ್ಳುತ್ತಾರೆ. ಅಪ್ಪ, ಅಜ್ಜಿ, ನೋಡಿಕೊಳ್ಳುವವರು, ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಒಂದು ಮಾತು. ಅಮೆರಿಕದಲ್ಲಿ 1991ರಲ್ಲಿ ಹುಟ್ಟಿದ 1,364 ಮಕ್ಕಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನದಲ್ಲಿ, ಬೇರೆಯವರ ಕೈಯಲ್ಲಿ ಬಿಟ್ಟುಹೋಗುವುದರಿಂದಲೇ ನಂಟು ಸಡಿಲವಾಗುತ್ತದೆ ಅಂತ ಕಾಣಲಿಲ್ಲ. ಮನೆಯಲ್ಲೂ ಸ್ಪಂದನೆ ಕಡಿಮೆ, ಹೊರಗೂ ಗಮನ ಇಲ್ಲ ಅನ್ನುವಂಥ ಕಡೆ ಮಾತ್ರ ತೊಂದರೆ ಹೆಚ್ಚಿತು.

ಸ್ಪಂದಿಸುವ ಶಕ್ತಿ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಹೆರಿಗೆಯಾದ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಗಸರನ್ನು ಖಿನ್ನತೆ ಕಾಡುತ್ತದೆ. ಆಗ ಮುಖ ಕಲ್ಲಾಗುವುದು ಅವರ ತಪ್ಪಲ್ಲ. ಅದಕ್ಕೆ ಚಿಕಿತ್ಸೆ ಇದೆ. ನಿದ್ದೆಗೆಟ್ಟ, ದುಡ್ಡಿಲ್ಲದ, ಒಂಟಿಯಾದ ಅಮ್ಮನಿಗೆ ಪಾಠ ಹೇಳುವುದಕ್ಕಿಂತ ಒಂದು ಗಂಟೆ ಮಗುವನ್ನು ಎತ್ತಿಕೊಳ್ಳುವವರು ಬೇಕು. ನೆದರ್ಲೆಂಡ್ಸ್‌ನಲ್ಲಿ ಡಿಂಫ್ನಾ ವ್ಯಾನ್ ಡೆನ್ ಬೂಮ್ ಅನ್ನುವ ಸಂಶೋಧಕಿ, ಸದಾ ರಚ್ಚೆ ಹಿಡಿಯುವ ಕೂಸುಗಳಿದ್ದ ಬಡ ಅಮ್ಮಂದಿರ ಮನೆಗೆ ಬರೀ ಮೂರು ಸಲ ಹೋಗಿ, ಮಗುವಿನ ಸನ್ನೆ ಓದುವುದನ್ನು ಹೇಳಿಕೊಟ್ಟರು. ಆ ಮಕ್ಕಳು ವರ್ಷದ ಹೊತ್ತಿಗೆ ಉಳಿದವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಗಟ್ಟಿ ನಂಟಿನ ಗುಂಪಿನಲ್ಲಿದ್ದರು. ಮೂರೇ ಸಲ!

ನಮ್ಮದೇ ಬಾಲ್ಯ ಕಷ್ಟದ್ದಾಗಿದ್ದರೆ? 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಬಸುರಿಯರನ್ನು ಅವರ ಬಾಲ್ಯದ ಬಗ್ಗೆ ಮಾತಾಡಿಸಿದರು. ಇನ್ನೂ ಹುಟ್ಟದ ಮಗುವಿನ ನಂಟು ಒಂದು ವರ್ಷದಲ್ಲಿ ಗಟ್ಟಿಯಾಗಿರುತ್ತದಾ ಇಲ್ಲವಾ ಅಂತ ಆ ಮಾತಿನಿಂದಲೇ ನಾಲ್ಕರಲ್ಲಿ ಮೂರು ಸಲ ಸರಿಯಾಗಿ ಊಹಿಸಲು ಆಯಿತು. ಅಚ್ಚರಿಯೆಂದರೆ, ಬಾಲ್ಯ ಸುಖದ್ದಾಗಿತ್ತಾ ಅನ್ನುವುದಕ್ಕಿಂತ, ಅದನ್ನು ಅವರು ಹೇಗೆ ಹೇಳಿದರು ಅನ್ನುವುದು ಮುಖ್ಯವಾಗಿತ್ತು. "ನನ್ನಮ್ಮ ಹೊಡೆಯುತ್ತಿದ್ದಳು, ನನಗೆ ತುಂಬಾ ನೋವಾಗುತ್ತಿತ್ತು, ಅವಳ ಕಷ್ಟ ಈಗ ಅರ್ಥವಾಗುತ್ತದೆ, ಆದರೂ ಅದು ಸರಿಯಲ್ಲ" ಅಂತ ನೇರವಾಗಿ ಹೇಳಬಲ್ಲವರು ತಮ್ಮ ಮಗುವಿಗೆ ಬೇರೆಯದನ್ನು ಕೊಡುತ್ತಾರೆ.

ಹಾಗಾದರೆ ಗದರಿಬಿಟ್ಟ ಮೇಲೆ ಏನು ಮಾಡುವುದು? ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. "ನಾನು ಜೋರಾಗಿ ಕೂಗಿದೆ. ನಿನಗೆ ಹೆದರಿಕೆ ಆಯ್ತು. ನನಗೆ ಸಿಟ್ಟು ಬಂದಿತ್ತು, ಆದರೂ ಹಾಗೆ ಕೂಗಬಾರದಿತ್ತು" ಅನ್ನಿ. ನೆಪ ಹೇಳಬೇಡಿ. "ನೀನು ಹಾಗೆ ಮಾಡಿದ್ದಕ್ಕೇ" ಅಂತ ಸೇರಿಸಬೇಡಿ. ಮಗು ತಕ್ಷಣ ಅಪ್ಪಿಕೊಳ್ಳದಿದ್ದರೆ ಕಾಯಿರಿ, ಮುನಿಸಿಕೊಳ್ಳಲು ಅದಕ್ಕೂ ಹಕ್ಕಿದೆ. ಎರಡು ವರ್ಷದವರಿಗೆ ಇದನ್ನು ಆಗಲೇ ಹೇಳಬೇಕು, ಸಂಜೆಗೆ ಮುಂದೂಡಿದರೆ ಯಾವುದರ ಬಗ್ಗೆ ಅಂತ ತಿಳಿಯುವುದಿಲ್ಲ. ದೊಡ್ಡ ಮಕ್ಕಳಿಗೆ ಮರುದಿನ ಹೇಳಿದರೂ ತಡವಲ್ಲ.

ಕೂಸಿಗೆ ಮಾತು ಬೇಡ, ಕೈ ಸಾಕು. ಕೈಯೂ ಸೋತಿರಬಹುದು. ನಡುರಾತ್ರಿ ಅಳು ನಿಲ್ಲುತ್ತಲೇ ಇಲ್ಲ, ನಿಮಗೆ ತಲೆ ಸಿಡಿಯುತ್ತಿದೆ ಅನ್ನಿಸಿದರೆ ಯಾವ ಕಾರಣಕ್ಕೂ ಮಗುವನ್ನು ಹಿಡಿದು ಜೋರಾಗಿ ಅಲುಗಾಡಿಸಬೇಡಿ. ಅದರ ಮಿದುಳಿಗೆ ಪೆಟ್ಟಾಗುತ್ತದೆ. ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೋಣೆಯಿಂದ ಹೊರಗೆ ಹೋಗಿ. ನೀರು ಕುಡಿಯಿರಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಎಬ್ಬಿಸಿ. ಕೆಲವು ನಿಮಿಷ ಉಸಿರು ಹತೋಟಿಗೆ ಬರಲಿ. ಆಮೇಲೆ ಒಳಗೆ ಹೋಗಿ ಎತ್ತಿಕೊಳ್ಳಿ, ನಾಲ್ಕು ಹೆಜ್ಜೆ ಓಡಾಡಿ.